ಇಬ್ಬರಿಗೂ ಒಂದೇ ಬುಟ್ಟಿ

ಅಣ್ಣಾ,

ನೀನು ಏಳುವ ಹೊತ್ತಿಗೆ ನಾನು ಬೇಕರಿಯಲ್ಲಿರುತ್ತೇನೆ. ಇದನ್ನು ಓದಿಯೇ ಮುಖ ತೊಳೆ.

ಹನ್ನೊಂದಕ್ಕೆ ಚುಕ್ಕಿಯ ಗರ್ಭಕೋಶ ತೆಗೆಯುವ ಆಪರೇಷನ್. ಬೂದಿಯನ್ನೂ ಒಂದೇ ಬುಟ್ಟಿಯಲ್ಲಿ ಕರೆದುಕೊಂಡು ಹೋಗು. ಎರಡೂ ಮೊಲಗಳನ್ನು ಒಟ್ಟಿಗೇ ತನ್ನಿ ಎಂದು ಡಾಕ್ಟರಮ್ಮ ಮೊದಲೇ ಬಡಕೊಂಡಿದ್ದರು. ನೀನೋ, "ಜಗಳಗಂಟಿ ಬೂದಿಗೆ ಮಾಡಿಸಿದ್ರೆ ಸಾಕು, ಚುಕ್ಕಿ ಪಾಪ ಮೆತ್ತಗಿದ್ದಾಳೆ" ಅಂತ ದೊಡ್ಡ ಪಂಡಿತನ ಹಾಗೆ ಒಬ್ಬಳನ್ನೇ ಒಯ್ದೆ. ಸಂಜೆ ಅವಳು ಔಷಧಿ ವಾಸನೆ ಹೊತ್ತು ಬಂದಾಗ, ಮೂರು ವರ್ಷ ಒಂದೇ ತಟ್ಟೆಯಲ್ಲಿ ತಿಂದ ಚುಕ್ಕಿಗೆ ಗುರುತೇ ಸಿಗಲಿಲ್ಲ. ಆ ಮೆತ್ತಗಿನವಳೇ ಹಾರಿ ಕಚ್ಚಿದಳು. ಬಿಡಿಸಲು ಹೋಗಿ ಕಚ್ಚಿಸಿಕೊಂಡವಳು ನಾನು. ನೀನು ಕುರ್ಚಿ ಹತ್ತಿ ನಿಂತಿದ್ದೆ!

"ಮನೇಲಿ ಗಂಡು ಮೊಲಾನೇ ಇಲ್ಲ, ಆಪರೇಷನ್ ಯಾಕೆ?" ಅಂತ ಇನ್ನೊಮ್ಮೆ ಕೇಳಿದರೆ ನೋಡು. ಬೂದಿಯ ಗರ್ಭಕೋಶದಲ್ಲಿ ಆಗಲೇ ಕಾಳಿನಷ್ಟು ಗಡ್ಡೆ ಇತ್ತು. ಡಾಕ್ಟರಮ್ಮ ತೋರಿಸುವಾಗ ನೀನು ಗೋಡೆ ನೋಡುತ್ತಿದ್ದೆಯಂತೆ.

ಹುಲ್ಲು ತೆಗೆಯಬೇಡ. ಆಪರೇಷನ್‌ಗೆ ಮುಂಚೆ ಉಪವಾಸ ಮನುಷ್ಯರಿಗೆ. ಮೊಲ ಹಸಿದರೆ ಕರುಳೇ ನಿಂತುಹೋಗುತ್ತದೆ. ಮನೆಗೆ ಬಂದ ಮೇಲೆ ಚುಕ್ಕಿ ತಿಂದಳಾ, ಹಿಕ್ಕೆ ಹಾಕಿದಳಾ ನೋಡು. ಇಲ್ಲದಿದ್ದರೆ ನನಗಲ್ಲ, ಡಾಕ್ಟರಮ್ಮನಿಗೆ ಫೋನ್ ಮಾಡು.

ನಾಲ್ಕು ದಿನ ಇಬ್ಬರ ನಡುವೆ ಜಾಲರಿ ಇಟ್ಟು ಕಾದಿದ್ದೇನೆ. ಈಗ ಹೊರಡುವ ಮುಂಚೆ ಜಾಲರಿ ತೆಗೆದು, ಉಸಿರು ಬಿಗಿಹಿಡಿದು ಕೂತೆ. ಚುಕ್ಕಿ ಮೂಸಿ ಮೂಸಿ ನೋಡಿ, ಕೊನೆಗೆ ಬೂದಿಯ ಕಿವಿ ನೆಕ್ಕಿದಳು. ನನಗೆ ಅಳುವೇ ಬಂತು.

ಅವರಿಬ್ಬರದೂ ರಾಜಿಯಾಯಿತು. ನಮ್ಮಿಬ್ಬರದೂ ಆಗಬೇಕಾದರೆ ಸಂಜೆ ಅವರನ್ನು ಜೊತೆಯಾಗಿಯೇ ಮನೆ ಸೇರಿಸು.

ತಂಗಿ