ಪ್ಲಿಮತ್ ಕಾರಿನ ಒಂಬತ್ತು ಇಂಚು

ಸುಭಾಷ್‌ನಗರ, ಮಂಡ್ಯ
೧೮ ಮೇ ೨೦೨೫, ಭಾನುವಾರ

ಪ್ರೀತಿಯ ಕುಸುಮಾ,

ಲಕೋಟೆಯ ಮೇಲಿನ ಅಕ್ಷರ ನೋಡಿದ ಕೂಡಲೇ ಯಾರದೆಂದು ನಿನಗೆ ಗೊತ್ತಾಗಿರುತ್ತದೆ. ಹರಿಯುವ ಮುಂಚೆ ಒಮ್ಮೆ ಓದು. ಮೂರು ವರ್ಷದಿಂದ ನೀನು ನನ್ನ ಫೋನು ಎತ್ತುತ್ತಿಲ್ಲ, ತಪ್ಪು ನನ್ನದೇ. ನಿನ್ನ ಮಗಳು ಚಂದನಳ ಬೀಗರೂಟದ ದಿನ, ಮದ್ದೂರಿನ ಛತ್ರದಲ್ಲಿ ಎಲೆ ಮುಂದೆ ಕೂತಿದ್ದಾಗ, ನಿನ್ನಮ್ಮ ದೇವೀರಕ್ಕ ಎಲ್ಲೋ ಟೀಚರಾಗಿ ರಿಟೈರಾಗಿರಬಹುದು, ಹುಡುಕೋಣ ಎಂದುಬಿಟ್ಟೆ. ನೀನು ಎಲೆ ಮಡಚಿ ಎದ್ದುಹೋದೆ. ನಾಲ್ಕು ವರ್ಷದ ಮಗಳನ್ನು ಬಿಟ್ಟು ಓಡಿಹೋದವಳ ಹೆಸರನ್ನು ನಿನ್ನ ಮುಂದೆ ಎತ್ತಬಾರದೆಂಬುದು ನನಗೆ ಚಿಕ್ಕಂದಿನಿಂದ ಗೊತ್ತು. ಆದರೂ ಇವತ್ತು ಆ ಹೆಸರನ್ನೇ ಬರೆಯಬೇಕಾಗಿದೆ. ಕಾರಿನಿಂದ ಶುರು ಮಾಡುತ್ತೇನೆ, ಯಾಕೆಂದರೆ ಎಲ್ಲ ಅಲ್ಲಿಂದಲೇ ಗೊತ್ತಾಯಿತು.

ನನ್ನ ಹುಚ್ಚು ನೀನು ನೋಡಿದವಳೇ. ಹೈಸ್ಕೂಲಿನಲ್ಲಿ ಡ್ರಾಯಿಂಗ್ ಕಲಿಸುವ ಹೆಂಗಸು ಮನೆಗೆ ಬಂದರೆ ಪ್ಲಾಸ್ಟಿಕ್ ಹಾಳೆ ಕತ್ತರಿಸಿಕೊಂಡು ಪುಟ್ಟ ಕಾರು ಮಾಡುತ್ತಾ ಕೂರುತ್ತಾಳೆಂದು ಬೀದಿಯವರೆಲ್ಲ ನಗುತ್ತಾರೆ. ಈಗ ಬೀರುವಿನಲ್ಲಿ ಮೂವತ್ತೊಂದು ಇವೆ. ಎಲ್ಲವೂ ಅಮೆರಿಕದ ಹಳೆಯ ಕಾರುಗಳು, ನಿಜವಾದದ್ದರ ಇಪ್ಪತ್ನಾಲ್ಕನೇ ಒಂದು ಪಾಲು. ಹಿಂಬದಿಯಲ್ಲಿ ಮೀನಿನ ರೆಕ್ಕೆಯಂತೆ ಎದ್ದು ನಿಂತ ಕ್ಯಾಡಿಲಾಕ್, ಮೇಲೆ ಬಿಳಿ ಕೆಳಗೆ ಆಕಾಶನೀಲಿ ಬಳಿದ ಷೆವರ್ಲೆ. ಹೊಳೆಯುವ ಪಟ್ಟಿಗೆ ಚಾಕೊಲೇಟಿನ ಬೆಳ್ಳಿ ಕಾಗದ ಅಂಟಿಸುತ್ತೇನೆ, ಕನ್ನಡಿಯ ಕಡ್ಡಿಗೆ ಗುಂಡುಪಿನ್ನು. ಆ ಕಾರುಗಳಲ್ಲಿ ಒಂದು ಧಾರಾಳತನವಿದೆ ಕುಸುಮಾ. ನಾಲ್ಕು ಜನ ಕೂರುವ ಜಾಗಕ್ಕೆ ಒಂದು ಕಲ್ಯಾಣಮಂಟಪದಷ್ಟು ಉಕ್ಕು ಸುರಿದಿದ್ದಾರೆ. ಕೆಲಸ ಮಾಡುತ್ತಾ ಕೂತರೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ.

ಆದರೆ ಮೊದಲು ನೋಡಿದ ಕಾರನ್ನೇ ನಾನು ಮಾಡಿರಲಿಲ್ಲ. ನಿಮ್ಮ ತಾತ ಕೆಂಪಸಿದ್ದಯ್ಯನವರ ಕಪ್ಪು ಪ್ಲಿಮತ್. ನಮ್ಮಪ್ಪ ಕಿರುಗಾವಲಿನ ಸ್ಕೂಲಿನಲ್ಲಿ ಮೇಷ್ಟ್ರಾಗಿ ನಿಮ್ಮ ಹೊರಮನೆಯಲ್ಲಿ ಬಾಡಿಗೆಗಿದ್ದಾಗ, ಬಾನೆಟ್ಟಿನ ತುದಿಯಲ್ಲಿದ್ದ ಪುಟ್ಟ ಹಾಯಿಹಡಗನ್ನು ಮುಟ್ಟಲು ನಾವಿಬ್ಬರೂ ಕಲ್ಲಿನ ಮೇಲೆ ಹತ್ತುತ್ತಿದ್ದೆವು.

ಏಪ್ರಿಲ್‌ನಲ್ಲಿ ರಜೆ ಶುರುವಾದ ಮಾರನೇ ದಿನ ನಿನ್ನ ಚಿಕ್ಕಪ್ಪನ ಮಗ ಪುಟ್ಟರಾಜು ಫೋನ್ ಮಾಡಿದ. "ಚಿತ್ರಕ್ಕ, ತಾತನ್ ಕಾರ್ ಮಾರ್ತಾ ಇವ್ನಿ. ಮೈಸೂರಿಂದ ಹಳೇ ಕಾರ್ ಮಡಗೋರೊಬ್ರು ಕೇಳವ್ರೆ. ಅದು ಓಗೋಕ್ ಮುಂಚೆ ಒಂದ್ಸಲ ಬಂದು ಅಳತೆ ತಕ್ಕೊ. ನಮ್ಮನೇಲಿ ಒಂದು ಸಣ್ದಾದ್ರೂ ಇರ್ಲಿ" ಎಂದ. ಮಳವಳ್ಳಿಯ ಬಸ್ಸು ಹಿಡಿದು ಹೊರಟೆ.

ಕಾರು ಹಿತ್ತಲಿನ ಹುಳುಮನೆಯಲ್ಲೇ ಇದೆ, ನಾಲ್ಕು ಕಲ್ಲಿನ ಮೇಲೆ. ರೇಷ್ಮೆ ಹುಳು ಸಾಕುವುದನ್ನು ಬಿಟ್ಟು ಇಪ್ಪತ್ತು ವರ್ಷವಾಯಿತಂತೆ, ತಟ್ಟೆಗಳೆಲ್ಲ ಗೆದ್ದಲು ತಿಂದಿವೆ. ಕಾರಿಗೆ ಮಾತ್ರ ತುಕ್ಕು ಅಷ್ಟಾಗಿ ಹತ್ತಿಲ್ಲ. ನಿನ್ನಜ್ಜಿ ಚಿಕ್ಕಬೋರಮ್ಮ ಪಕ್ಕದಲ್ಲಿ ಗೋಣಿತಾಟು ಹಾಸಿಕೊಂಡು ಕೂತಿದ್ದರು. ತೊಂಬತ್ತೊಂದು ವಯಸ್ಸು, ಕಣ್ಣು ಮಂಜು, ಮಾತು ಖಡಕ್ಕು. ಡಿಕ್ಕಿಯ ಮೇಲೆ ಹಿತ್ತಾಳೆಯ ಲೋಟದ ತುಂಬ ನೀರಿತ್ತು. ಯಾರಿಗಜ್ಜಿ ಎಂದೆ. "ಅವ್ಳಿಗೆ ಬಾಯಾರ್ತದೆ ಕಣವ್ವ" ಎಂದರು. ವಯಸ್ಸಾದವರ ಮಾತು ಎಂದುಕೊಂಡು ಟೇಪು ಬಿಚ್ಚಿದೆ.

ಮುಂದಿನ ಚಕ್ರದ ಹತ್ತಿರ ಬಗ್ಗಿ ಅಳೆಯುತ್ತಿದ್ದಾಗ ಸದ್ದು ಕೇಳಿತು. ಟಪ್, ಟಪ್, ಟಪ್. ಮಣೆಯ ಮೇಲೆ ಹಿಪ್ಪುನೇರಳೆ ಸೊಪ್ಪು ಕೊಚ್ಚುವ ಸದ್ದು, ನಿನಗೂ ನೆನಪಿರುತ್ತದೆ. ಪಕ್ಕದ ಮನೆಯವರು ಹುಳು ಸಾಕಿದ್ದಾರೆಯೇ ಎಂದು ಪುಟ್ಟರಾಜುವನ್ನು ಕೇಳಿದೆ. ಅವನು ನನ್ನ ಮುಖ ನೋಡಲಿಲ್ಲ. "ಈ ಬೀದೀಲಿ ಯಾರೂ ಸಾಕ್ತಿಲ್ಲ ಕಣಕ್ಕ" ಎಂದು ಹೊರಗೆ ಹೋದ. ನಾನು ಅಳತೆ ಮುಗಿಸಿ ಹಿಂದಕ್ಕೆ ಬಂದಾಗ ಲೋಟ ಖಾಲಿ. ಅಜ್ಜಿ ಕೂತಲ್ಲಿಂದ ಎದ್ದಿರಲಿಲ್ಲ. ಡಿಕ್ಕಿಯ ತಗಡಿನ ಮೇಲೆ ಒಂದು ಹನಿ ಒದ್ದೆಯೂ ಇರಲಿಲ್ಲ.

ಮನೆಗೆ ಬಂದು ಕೆಲಸಕ್ಕೆ ಕೂತೆ. ಹದಿನೈದು ದಿನದಲ್ಲಿ ಕಾರಿಗೆ ಮೈ ಬಂತು. ತೊಂದರೆ ಕೊಟ್ಟದ್ದು ಡಿಕ್ಕಿ. ಅದಕ್ಕೂ ಹಿಂದಿನ ಸೀಟಿಗೂ ನಡುವೆ ಒಂದು ಅಡ್ಡಹಲಗೆ ಬರುತ್ತದೆ. ಪ್ಲಾಸ್ಟಿಕ್ಕಿನಲ್ಲಿ ಕತ್ತರಿಸಿ, ಬೂದುಬಣ್ಣ ಬಳಿದು, ಒಣಗಲು ಇಟ್ಟೆ. ಬೆಳಿಗ್ಗೆ ನೋಡಿದರೆ ಬಣ್ಣದ ಮೇಲೆ ಕೂದಲೆಳೆಯಂಥ ಗೀರುಗಳು. ನಾಲ್ಕು ಉದ್ದ, ಪಕ್ಕದಲ್ಲಿ ಒಂದು ಗಿಡ್ಡ. ಬಣ್ಣ ಸುಕ್ಕುಗಟ್ಟಿರಬೇಕೆಂದು ಉಜ್ಜಿ ಮತ್ತೆ ಬಳಿದೆ. ಮತ್ತೆ ಅವೇ. ಮೂರನೇ ಸಲ ಹೊಸ ಹಲಗೆಯನ್ನೇ ಕತ್ತರಿಸಿ, ಬೇರೆ ಡಬ್ಬಿಯ ಬಣ್ಣ ಹಾಕಿ, ಗಾಜಿನ ಬಟ್ಟಲು ಕವುಚಿ ಇಟ್ಟೆ. ಬೆಳಿಗ್ಗೆ ಬಟ್ಟಲಿನ ಒಳಮೈ ಬೆವರಿತ್ತು. ಗೀರುಗಳು ಮೊದಲಿಗಿಂತ ಆಳವಾಗಿದ್ದವು.

ಆ ಹಲಗೆ ಕೂರಬೇಕಾದ ಜಾಗದಲ್ಲೂ ಕೂರಲಿಲ್ಲ. ಹೊರಗಿನ ಅಳತೆಗೂ ಒಳಗಿನ ಅಳತೆಗೂ ಒಂಬತ್ತೂವರೆ ಮಿಲಿಮೀಟರ್ ವ್ಯತ್ಯಾಸ. ಟೇಪು ತಪ್ಪಿ ಹಿಡಿದೆನೇನೋ ಎಂದು, ಅದೇ ಕಾರು ಮಾಡಿದ ಬೇರೆಯವರ ನಕ್ಷೆಗಳನ್ನು ತರಿಸಿ ನೋಡಿದೆ. ನನ್ನ ಲೆಕ್ಕ ಸರಿಯಾಗಿತ್ತು. ಇಪ್ಪತ್ನಾಲ್ಕರಿಂದ ಗುಣಿಸಿದರೆ ಒಂಬತ್ತು ಇಂಚು. ತಾತನ ಕಾರಿನ ಡಿಕ್ಕಿ ಇರಬೇಕಾದ್ದಕ್ಕಿಂತ ಒಂಬತ್ತು ಇಂಚು ಗಿಡ್ಡ. ಅಂದರೆ ಯಾರೋ ಒಳಗೆ ಇನ್ನೊಂದು ಗೋಡೆ ಕಟ್ಟಿದ್ದಾರೆ.

ಹೋದ ಗುರುವಾರ ಮತ್ತೆ ಹೋದೆ. ಪುಟ್ಟರಾಜು ಟಾರ್ಚು ಹಿಡಿದ, ನಾನು ಡಿಕ್ಕಿಯೊಳಗೆ ತಲೆ ಹಾಕಿದೆ. ಹಲಗೆಗೆ ಕಪ್ಪು ಬಣ್ಣ ಬಳಿದಿತ್ತು, ಎಂಟು ಸ್ಕ್ರೂ. ಕೊನೆಯದನ್ನು ಬಿಚ್ಚುವಾಗ ಅಜ್ಜಿ ಹಿಂದಿನಿಂದ, "ತಗೀರಿ. ನಾನ್ ಸಾಯೋಕ್ ಮುಂಚೆ ತಗೀರಿ" ಎಂದರು.

ಹಲಗೆಯ ಹಿಂದೆ ಒಂದು ಬಟ್ಟೆಗಂಟು. ಅದರ ಹಿಂದೆ ಕಾರಿನ ಮೂಲದ ಅಡ್ಡಹಲಗೆ, ದಪ್ಪ ರಟ್ಟಿನದು. ಅದನ್ನು ಉಗುರಿನಿಂದ ಪರಚಿ ಹರಿದಿದ್ದರು. ಹರಿದು ಹರಿದು ಸೀಟಿನ ಸ್ಪ್ರಿಂಗು ಕಾಣುವವರೆಗೆ ಬಂದಿದ್ದರು, ಉಕ್ಕಿನ ಪಟ್ಟಿ ಅಡ್ಡ ಬಂದಿತ್ತು. ಎಡತುದಿಯಲ್ಲಿ ನಾಲ್ಕು ಉದ್ದ ಗೀರು, ಪಕ್ಕದಲ್ಲಿ ಒಂದು ಗಿಡ್ಡ. ನನ್ನ ಪುಟ್ಟ ಹಲಗೆಯ ಮೇಲೆ ಮೂರು ಸಲ ಮೂಡಿದ್ದ ಗೀರುಗಳು.

ಅಜ್ಜಿ ಹೇಳಿದ್ದನ್ನು ಹೇಳಿದ ಹಾಗೇ ಬರೆಯುತ್ತೇನೆ, ನನ್ನ ಮಾತು ಸೇರಿಸುವುದಿಲ್ಲ.

"ನಿನ್ ಸ್ನೇಯ್ತೆ ಅವ್ವ ಓಡೋಗ್ಲಿಲ್ಲ ಕಣವ್ವ. ಗಂಡ ಸತ್ತೋಳು, ಇಪ್ಪತ್ಮೂರು ವರ್ಸ. ಮೇಡಮ್ಮಾಯ್ತೀನಿ ಅಂತ ಮೈಸೂರಿಗೆ ಅರ್ಜಿ ಆಕಿದ್ಲು. ನಮ್ಮನೇವ್ರು ಬುಡ್ಲಿಲ್ಲ. ಬಸ್ಸತ್ತುದ್ರೆ ಊರೋರು ಇಡ್ಕಂಡ್ ಬತ್ತಾರೆ. ನಮ್ಮನೇವ್ರು ಬೇಸ್ತವಾರ ಬೇಸ್ತವಾರ ಕಾರಲ್ಲಿ ಮೈಸೂರಿಗೋಗೋರು, ಅಲ್ಲಿ ಮಾರ್ಕೆಟ್ಟಲ್ಲಿ ಸಾಮಾನಿಗೆ ಡಿಕ್ಕಿ ತಗಿಯೋರು. ಅಲ್ಲಿ ಇಳ್ದೋಗನ ಅಂತ ಒಳಗ್ ಕೂತವ್ಳೆ. ಆವತ್ತು ಸೊಸೈಟಿಯೋರ ಜೀಪ್ ಬಂತು, ಇವ್ರು ಅದ್ರಲ್ಲಿ ಓದ್ರು. ಕಾರು ಇಲ್ಲೇ ನಿಂತ್ಕತು. ಮದ್ಯಾನಕ್ಕೆ ಸೊಸೆ ಇಲ್ಲ ಅಂತ ಗೊತ್ತಾಯ್ತು. ಮನೇಲಿದ್ದೋರೆಲ್ಲ ಹುಡುಕೋಕೋದ್ರು. ನಾನೊಬ್ಳೇ ಇದ್ದೆ. ಟಪ್ ಟಪ್ ಅಂತ ಕೇಳುಸ್ತು. ಹುಳುಮನೇಲಿ ಆಳು ಸೊಪ್ಪು ಕೊಚ್ತಾವ್ನೆ ಅನ್ಕಂಡೆ. ಬೈಗಿನ ಗಂಟ ಕೊಚ್ಚುದ್ರು. ಆಮೇಕೆ ನಿಂತೋಯ್ತು."

ಮಾರನೇ ದಿನ ದುದ್ದದ ಹತ್ತಿರದ ಅವಳ ತವರಿನಲ್ಲಿ ಹುಡುಕಲು ಹೊರಟ ತಾತ, ಪೆಟ್ರೋಲ್ ಡಬ್ಬಿ ಇಡಲು ಡಿಕ್ಕಿ ತೆಗೆದರಂತೆ. ಒತ್ತಿದರೆ ತಾನೇ ಬೀಗ ಬೀಳುವ ಮುಚ್ಚಳ ಅದು, ಒಳಗಿನಿಂದ ತೆಗೆಯಲು ಏನೂ ಇಲ್ಲ. ಏಪ್ರಿಲ್ ಬಿಸಿಲು, ಮೇಲೆ ತಗಡಿನ ಮಾಡು. ಪೊಲೀಸರು ಬಂದರೆ ಕೊಂದಿದ್ದೀರಿ ಎನ್ನುತ್ತಾರೆ ಎಂಬ ಹೆದರಿಕೆ ಅವರಿಗೆ. ಆಳು ಪುಟ್ಟಮಾದಯ್ಯನನ್ನು ಕರೆದುಕೊಂಡು ಹಿಪ್ಪುನೇರಳೆ ತೋಟದ ಮೂಲೆಯಲ್ಲಿ ಮಣ್ಣು ಮಾಡಿದರು. ಓಡಿಹೋದಳೆಂದು ಊರಿಗೆ ಹೇಳಿದರು. ಗಂಟು ಸುಟ್ಟರೆ ಹೊಗೆ ನೋಡಿ ಯಾರಾದರೂ ಕೇಳುತ್ತಾರೆಂದು ಅಲ್ಲೇ ಬಿಟ್ಟು ಹಲಗೆ ಬಿಗಿದರು. ಆಮೇಲೆ ತಾತ ಆ ಕಾರು ಮುಟ್ಟಲಿಲ್ಲ. ನಿನಗೆ ಬುದ್ಧಿ ಬರುವ ಹೊತ್ತಿಗೆ ಸುಳ್ಳೇ ನಿಜವಾಗಿತ್ತು.

ಗಂಟಿನಲ್ಲಿ ಏನಿತ್ತು ಗೊತ್ತೇ? ಎರಡು ಸೀರೆ, ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಟೀಚರ್ ಟ್ರೈನಿಂಗ್ ಸಂದರ್ಶನದ ಕಾರ್ಡು. ಕಾರ್ಡಿನ ಬೆನ್ನಿಗೆ ಪೆನ್ಸಿಲ್ಲಿನಲ್ಲಿ ಅಲ್ಲಿ ಕೇಳಬೇಕಾದ್ದನ್ನು ಬರೆದುಕೊಂಡಿದ್ದಾಳೆ. "ಹಾಸ್ಟೆಲಿನಲ್ಲಿ ನಾಲ್ಕು ವರ್ಷದ ಮಗು ಇಟ್ಟುಕೊಳ್ಳಲು ಬಿಡುತ್ತಾರೆಯೇ? ಬಿಡದಿದ್ದರೆ ಹತ್ತಿರ ಬಾಡಿಗೆ ಕೋಣೆ? ಕುಸುಮನನ್ನು ಯಾವ ಸ್ಕೂಲಿಗೆ?" ಅಷ್ಟೇ. ಅದನ್ನು ನಾನು ಮುಟ್ಟಿಲ್ಲ, ಪುಟ್ಟರಾಜು ನಿನಗಾಗಿ ಎತ್ತಿಟ್ಟಿದ್ದಾನೆ.

ಅವನು ಮೈಸೂರಿನವರಿಗೆ ಬರಬೇಡಿ ಎಂದಿದ್ದಾನೆ. ಪೊಲೀಸ್ ಸ್ಟೇಷನ್ನಿಗೆ ಹೋಗುವುದೋ, ತೋಟದ ಮೂಲೆಯಲ್ಲಿ ಕಲ್ಲು ನಿಲ್ಲಿಸಿ ಎಡೆ ಇಡುವುದೋ, ಎರಡನ್ನೂ ಮಾಡುವುದೋ, ಕುಸುಮಕ್ಕ ಹೇಳಿದಂತೆ ಎನ್ನುತ್ತಾನೆ. ಅಜ್ಜಿ ಊಟ ಕಡಿಮೆ ಮಾಡಿದ್ದಾರೆ. ನಿನ್ನ ಕೈ ಹಿಡಿದು ಒಂದು ಮಾತು ಹೇಳಬೇಕಂತೆ. ಬೇಗ ಹೋಗು.

ಇನ್ನೊಂದು ವಿಷಯ ಬರೆಯದೆ ಇರಲಾರೆ. ಹಲಗೆ ತೆಗೆದ ಮೇಲೆ ಹುಳುಮನೆಯಲ್ಲಿ ಸದ್ದಿಲ್ಲ, ಲೋಟದ ನೀರು ಇಟ್ಟ ಹಾಗೇ ಇರುತ್ತದೆ ಎಂದು ಪುಟ್ಟರಾಜು ಶುಕ್ರವಾರ ಫೋನ್ ಮಾಡಿದ. ಅವನ ದನಿ ಹಗುರವಾಗಿತ್ತು. ನಾನು ಆಗ ಕೆಲಸದ ಮೇಜಿನ ಮುಂದೆ ನಿಂತಿದ್ದೆ. ಅರ್ಧ ಮುಗಿದ ಪುಟ್ಟ ಪ್ಲಿಮತ್ತಿನೊಳಗಿನಿಂದ, ಗಡಿಯಾರದ ಮುಳ್ಳಿಗಿಂತ ಸಣ್ಣ ಸದ್ದು. ಟಪ್, ಟಪ್, ಟಪ್. ಹಾಡುಹಗಲು, ಫ್ಯಾನು ಕೂಡ ಹಾಕಿರಲಿಲ್ಲ. ಫೋನನ್ನು ಹತ್ತಿರ ಹಿಡಿದೆ, ಅವನಿಗೂ ಕೇಳಿಸಿತು. "ನಿನ್ ತಾವಿಕ್ಯಾಕ್ ಬಂದ್ಲಕ್ಕ?" ಎಂದ. ಗೊತ್ತಿಲ್ಲಪ್ಪ ಎಂದೆ. ಇದನ್ನು ಬರೆಯುವಾಗಲೂ ಅದು ನಿಂತಿಲ್ಲ.

ನಿನ್ನ ಗೆಳತಿ,
ಚಿತ್ರಾ

ಮರೆತೆನೆಂದಲ್ಲ, ಮೇಲೆ ಬರೆಯುವ ಧೈರ್ಯ ಬರಲಿಲ್ಲ: ಗೊತ್ತಿಲ್ಲ ಎಂದದ್ದು ಸುಳ್ಳು. ಆ ಮುಚ್ಚಳವನ್ನು ಒಳಗೆ ಕೂತವರಿಗೆ ಪೂರ್ತಿ ಎಳೆದುಕೊಳ್ಳಲು ಆಗುವುದಿಲ್ಲ. ನನಗೆ ಆಗ ಏಳು ವರ್ಷ. ಬೆಳಿಗ್ಗೆ ಹೂವು ಕೀಳಲು ಹಿತ್ತಲಿಗೆ ಬಂದಿದ್ದೆ. ದೇವೀರಕ್ಕ ಡಿಕ್ಕಿಯಲ್ಲಿ ಮಂಡಿ ಮಡಚಿ ಕೂತಿದ್ದಳು, ನಗುತ್ತಿದ್ದಳು. "ಚಿತ್ರಾ, ಇದ್ನ ಜೋರಾಗ್ ಒತ್ಬುಡು ಮಗ. ಮೇಡಮ್ಮಾಗಿ ಬಂದು ಕುಸುಮನ್ನೂ ನಿನ್ನೂ ಮೈಸೂರಿಗೆ ಕರ್ಕೊಂಡೋಗ್ತೀನಿ. ಯಾರ್ಗೂ ಯೋಳ್ಬೇಡ" ಎಂದಳು. ಮೈಭಾರವೆಲ್ಲ ಬಿಟ್ಟು ಒತ್ತಿದೆ. ಅದೇ ಗಳಿಗೆಯಲ್ಲಿ ಅಮ್ಮ ಕರೆದಳು, ಬೇಸಿಗೆ ರಜೆಗೆಂದು ಮಂಡ್ಯದ ಬಸ್ಸು ಹತ್ತಿದೆವು. ತಿಂಗಳ ಮೇಲೆ ಬಂದಾಗ ಓಡಿಹೋದಳು ಎಂದರು, ನನಗೆ ಒಳಗೊಳಗೇ ಖುಷಿಯಾಯಿತು. ಅವಳು ಮೈಸೂರು ಮುಟ್ಟಿದ್ದು ನನ್ನಿಂದ ಎಂದು ನಲವತ್ತೆಂಟು ವರ್ಷ ಹೆಮ್ಮೆಪಟ್ಟೆ. ಕಿರುಗಾವಲಿಗೆ ಹೊರಟರೆ ಪುಟ್ಟರಾಜುಗೆ ಹೇಳು, ಬಸ್ ಸ್ಟ್ಯಾಂಡಿಗೆ ಅವನು ಬರುತ್ತಾನೆ. ನಾನು ಬರುವುದಿಲ್ಲ, ನೀನಾಗಿ ಕರೆಯುವವರೆಗೆ.