ಕುದುರೆಗೆ ಬೆನ್ನು ಹಾಕಿ ಕೂತ ಆರು ದಿನ

ಅಕ್ಕಾ,

ಕಾರ್ಡಿನ ಮೂಲೆಯ ಹಸಿರು ಕಲೆ ಕುದುರೆಯ ಜೊಲ್ಲು, ಗಾಬರಿಯಾಗಬೇಡ. ಕುದುರೆಗಳ ಜೊತೆ ಸ್ವಲ್ಪ ದಿನ ಇದ್ದು ಬಾ ಎಂದು ನೀನು ಒತ್ತಾಯ ಮಾಡಿ ಕಳಿಸಿದ ಈ ಲಾಯದಲ್ಲಿ ಕಂದು ಬಣ್ಣದ ಹೆಣ್ಣುಕುದುರೆಯೊಂದಿದೆ. ಹಿಂದೆ ಎಲ್ಲೋ ಏಟು ತಿಂದದ್ದು, ಯಾರನ್ನೂ ಹತ್ತಿರ ಸೇರಿಸುತ್ತಿರಲಿಲ್ಲ. ಶನಿವಾರದೊಳಗೆ ತಲೆಗೆ ಹಗ್ಗ ಹಾಕಿಸಿಕೊಳ್ಳದಿದ್ದರೆ ಮಾರಿಬಿಡುತ್ತೇನೆ ಎಂದಿದ್ದರು ಲಾಯದ ಒಡತಿ. ಮೊದಲ ದಿನ ನಾನು ಕ್ಯಾರೆಟ್ ಹಿಡಿದು ಮುದ್ದು ಮಾಡಲು ಹೋಗಿ ಇನ್ನಷ್ಟು ಬೆದರಿಸಿದೆ.

ಕುದುರೆ ಪಳಗಿಸುವ ಅಜ್ಜ, "ಅಲ್ಲಮ್ಮಾ, ಆ ಪ್ರೀತೀನ ಸ್ವಲ್ಪ ಜೇಬಲ್ಲಿಟ್ಕೊಳ್ಳಿ. ಬೆನ್ನು ಹಾಕಿ ಕೂತು ಏನಾದ್ರೂ ಓದ್ತಿರಿ" ಎಂದರು. ಅವತ್ತಿನಿಂದಲೇ ದಿನಾ ಎರಡು ಗಂಟೆ, ಕುದುರೆಯಿದ್ದ ಬೇಲಿಯೊಳಗಿನ ಅಂಗಳದಲ್ಲಿ ಸ್ಟೂಲ್ ಹಾಕಿಕೊಂಡು, ಭಾವ ಕೊಟ್ಟ ಕವನ ಸಂಕಲನ ಓದಿದೆ. ಆರನೆಯ ದಿನ, ಶುಕ್ರವಾರ, ಕುತ್ತಿಗೆಗೆ ಬಿಸಿಯುಸಿರು ತಾಗಿತು. ನಾನು ಅಲುಗಾಡಲಿಲ್ಲ. ಭುಜದ ಮೇಲಿಂದ ಮೂತಿ ಚಾಚಿ ಪುಟದ ಮೂಲೆ ಕಿತ್ತು ಅಗಿಯಿತು!

"ಕವಿಗೆ ಕೊನೆಗೂ ಓದೋಳೊಬ್ಳು ಸಿಕ್ಕಿದ್ಲು ಬಿಡಿ" ಎಂದು ಅಜ್ಜ ಬೇಲಿಯಾಚೆಯಿಂದ ನಕ್ಕರು. ಆಮೇಲೆ ಕುದುರೆ ತಲೆಗೆ ಹಗ್ಗ ಹಾಕಿಸಿಕೊಂಡು ನನ್ನ ಪಕ್ಕದಲ್ಲೇ ಮೂರು ಸುತ್ತು ನಡೆಯಿತು, ನಾನು ನಿಂತಲ್ಲಿ ನಿಂತಿತು. ಹಗ್ಗ ಒಮ್ಮೆಯೂ ಬಿಗಿಯಾಗಲಿಲ್ಲ. ಒಡತಿ ಮಾರುವ ಮಾತು ಬಿಟ್ಟಿದ್ದಾರೆ.

ನಮ್ಮ ಯಜಮಾನರು ತೀರಿಕೊಂಡ ಮೇಲೆ ನಾನು ಬಾಯಿ ಬಿಡದಿದ್ದ ದಿನಗಳಲ್ಲಿ ನೀನು ಬಂದು, ಏನೂ ಕೇಳದೆ, ನನ್ನ ಅಡುಗೆಮನೆಯಲ್ಲಿ ಬಟಾಣಿ ಸುಲಿಯುತ್ತ ಕೂತಿರುತ್ತಿದ್ದೆ. ಇವಳಿಗೆ ಮನೆಯಲ್ಲಿ ಕೆಲಸವಿಲ್ಲವೇ ಅಂದುಕೊಳ್ಳುತ್ತಿದ್ದೆ ನಾನು.

ಮಂಡಿನೋವು ಕಡಿಮೆಯಾಗಿದೆ. ಪುಟ ಹರಿದದ್ದು ಭಾವನಿಗೆ ಹೇಳಬೇಡ. ಅಂಚೆಯವರು ಬಂದರು. ಅಷ್ಟೊಂದು ಬಟಾಣಿ ಸುಲಿದದ್ದಕ್ಕೆ ನಿನಗೆ ನಮಸ್ಕಾರ.

ನಿನ್ನ ತಂಗಿ