ಆನೆಕೊಂಡದ ಬಿಳಿ ಪಾರಿವಾಳಗಳು

ಕರೆದರೂ ಮಾಳಿಗೆಯಿಂದ ಇಳಿಯದ ನನ್ನ ಸೋದರಮಾವನಿಗೆ,

ಊಟಕ್ಕೆ ಬಾರೋ ಅಂತ ಅಜ್ಜಿ ಅಂಗಳದಲ್ಲಿ ನಿಂತು ಗಂಟಲು ಹರಿದುಕೊಳ್ಳುತ್ತಿದ್ದದ್ದು ನೆನಪಿದೆಯಾ? ನೀನು ಹಾರುವ ಪಾರಿವಾಳಗಳ ಕಡೆ ಕತ್ತು ಮೇಲೆ ಮಾಡಿಕೊಂಡು, "ತಡಿಯವ್ವ, ಇನ್ನೊಂದು ಇಳೀಲಿ" ಅನ್ನುತ್ತಿದ್ದೆ. ಈಗ ನೀನೇ ಇಳಿಯದ ಕಡೆ ಹೋಗಿ ಕೂತಿದ್ದೀಯ. ಎದೆನೋವು ಅಂತ ಗೋಡೆಗೆ ಒರಗಿದವನು ಮತ್ತೆ ಏಳಲೇ ಇಲ್ಲವಂತೆ. ಹರಿಹರದಿಂದ ಆನೆಕೊಂಡಕ್ಕೆ ಎಷ್ಟು ದೂರ ಮಹಾ? ಬಸ್ಸು ಹತ್ತಿ ಕಣ್ಣು ಮುಚ್ಚಿ ಬಿಡುವಷ್ಟರಲ್ಲಿ ದಾವಣಗೆರೆ ಬರುತ್ತದೆ, ಆನೆಕೊಂಡ ಅದರ ಮಗ್ಗುಲಲ್ಲೇ. ಅಷ್ಟು ದಾರಿಯನ್ನು ನಿನ್ನಕ್ಕ, ಅಂದರೆ ನನ್ನವ್ವ, ಇಪ್ಪತ್ತೈದು ವರ್ಷದ ಹತ್ತಿರ ತುಳಿಯಲಿಲ್ಲ. ಕೊನೆಗೆ ನಿನ್ನ ಮಣ್ಣಿಗೆ ಬಂದಳು. ಅವ್ವ ಈಚೆಗೆ ನಿನ್ನ ಬಗ್ಗೆ ಒಂದು ಮಾತು ಆಡಿದ್ದಾಳೆ ಮಾವ, ನಿನ್ನ ಕಿವಿಗೆ ಬೀಳಬೇಕಿದ್ದ ಮಾತು. ಅದನ್ನು ಹೇಳುವುದಕ್ಕೇ ಈ ಕಾಗದ. ಆದರೆ ಅದಕ್ಕೆ ಮೊದಲು ನಿನ್ನ ಜೊತೆ ಸ್ವಲ್ಪ ಜಗಳ ಬಾಕಿ ಇದೆ.

ನಾನು ಬಿ.ಎಸ್ಸಿ. ಓದಲು ನಿಮ್ಮ ಮನೆಯಲ್ಲಿದ್ದ ದಿನಗಳು. ವಿಕಾಸವಾದದ ಪಾಠ ಶುರುವಾದ ದಿನ ಬಂದು ಹೇಳಿದರೆ ನೀನು ಬಿದ್ದು ಬಿದ್ದು ನಕ್ಕೆ. "ಗಿರ್ಜಿ, ಮಂಗ್ಯಾನಿಂದ ಮನುಷ್ಯ ಬಂದ ಅಂತೀಯಲ್ಲ, ಹಂಗಾರೆ ಈಗಿನ ಮಂಗ್ಯಾಗಳು ಯಾಕ ಹಂಗೇ ಅದಾವು?" ಅಂದೆ. "ಅವು ನಮ್ಮ ಅಜ್ಜ ಅಲ್ಲ ಮಾವ, ದಾಯಾದಿ. ಅವಕ್ಕೂ ನಮಗೂ ಮೂಲದಲ್ಲಿ ಒಬ್ಬನೇ ಮುತ್ತಜ್ಜ. ಕೋಟ್ಯಂತರ ವರ್ಷದ ಹಿಂದೆ ಮನೆ ಪಾಲಾಯ್ತು, ಅವರು ಒಂದು ಕಡೆ ಹೋದ್ರು, ನಾವೊಂದು ಕಡೆ" ಅಂದೆ. "ದಾಯಾದಿನಾ? ಅದಕ್ಕೇ ನೋಡು ಶಾಮನೂರಿನ ತೋಟಕ್ಕೆ ಬಂದು ಹಕ್ಕಿನ ಮ್ಯಾಲೆ ಬಾಳೆಹಣ್ಣು ಕೀಳ್ತಾವು!" ನಿನ್ನ ಹಾಗೆ ಅಷ್ಟು ಬೇಗ ಅರ್ಥ ಮಾಡಿಕೊಂಡ ವಿದ್ಯಾರ್ಥಿ ನನಗೆ ಆಮೇಲೆ ಹೆಚ್ಚು ಸಿಕ್ಕಿಲ್ಲ.

ಆ ಸಿದ್ಧಾಂತ ಬರೆದ ಗಡ್ಡದ ಇಂಗ್ಲಿಷ್ ಸಾಹೇಬನೂ ಪಾರಿವಾಳ ಸಾಕಿದ್ದ ಅಂದಾಗ ನಿನ್ನ ಮುಖ ನೋಡಬೇಕಿತ್ತು. ಅವತ್ತಿನಿಂದ ಅವನು ನಮಗೆ ಗಡ್ಡದಜ್ಜ ಆದ. ಬೀಸಣಿಗೆ ಬಾಲದ್ದು, ಕಾಲಿಗೆ ಪುಕ್ಕ ಇರೋದು, ಲಾಗ ಹೊಡೆಯೋದು, ಎಲ್ಲವೂ ಗುಡಿ ಗೋಪುರದಲ್ಲಿ ಕೂರುವಂಥ ಬೂದು ಪಾರಿವಾಳದ ಪೀಳಿಗೆಯೇ. ಸಾಕುವವರು ಬೇಕಾದ್ದನ್ನು ಆರಿಸಿ ಆರಿಸಿ ಜೋಡಿ ಮಾಡಿದ್ದಕ್ಕೆ ಹಾಗಾದವು ಅಂತ ಅವನು ಕಂಡುಕೊಂಡ. "ಸರಿ, ಇಲ್ಲಿ ನಾವು ಆರಿಸ್ತೀವಿ. ಕಾಡಿನಾಗ ಯಾರು ಆರಿಸ್ತಾರ?" ಅಂದೆ ನೀನು. ನಾನು ಬಾಯಿ ತೆರೆಯುವಷ್ಟರಲ್ಲಿ ನೀನೇ ಆಕಾಶ ನೋಡಿ, "ಗಿಡುಗ!" ಅಂದೆ. ಹೌದು ಮಾವ, ಗಿಡುಗ, ಚಳಿ, ಹಸಿವು, ರೋಗ. ಒಂದೇ ಗೂಡಿನ ಮರಿಗಳೂ ಒಂದರಂತೆ ಒಂದು ಇರುವುದಿಲ್ಲ. ಆ ಹೊತ್ತಿಗೆ ಆ ಜಾಗಕ್ಕೆ ಯಾವುದು ತಾಳುತ್ತದೋ ಅದು ಉಳಿದು ಮರಿ ಮಾಡುತ್ತದೆ, ಅದರ ಗುಣ ಮರಿಗೆ ಹೋಗುತ್ತದೆ. ಅಷ್ಟೇ ಸಿದ್ಧಾಂತ. ಅಷ್ಟನ್ನು ಹೇಳಲು ಅವನು ಇಪ್ಪತ್ತು ವರ್ಷ ಹಿಂದೆ ಮುಂದೆ ನೋಡಿದ, ಜನ ಏನಂದಾರೋ ಅಂತ.

ನಿನ್ನ ಬಿಳಿ ಹಕ್ಕಿಗಳು ಸತ್ತ ಚಳಿಗಾಲ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಒಂದೇ ಜೋಡಿಯಿಂದ ಬೆಳೆಸಿದ ಸಂತಾನ ಅದು. ಬಣ್ಣ ಕೆಡುತ್ತದೆ ಅಂತ ಹೊರಗಿನದನ್ನು ಹತ್ತಿರ ಬಿಡದೆ, ಅಣ್ಣ ತಂಗಿಯನ್ನೇ ಜೋಡಿ ಹಾಕಿದ್ದೆ. ಮೊದಮೊದಲು ಹಾಲಿನಂಥ ಮರಿಗಳು. ಬರುಬರುತ್ತ ಮೊಟ್ಟೆಯೊಳಗೇ ಸಾಯತೊಡಗಿದವು. ಆಮೇಲೆ ರೋಗ ಬಂತು. ಪಕ್ಕದ ಮನೆಯ ಬೆರಕೆ ಹಕ್ಕಿಗಳಲ್ಲಿ ಕೆಲವು ಹೋದವು, ಬಹಳಷ್ಟು ಉಳಿದವು. ನಿನ್ನವು ಎಲ್ಲ ಒಂದೇ ನಮೂನೆಯವು, ಒಂದೇ ನಮೂನೆ ಕತ್ತು ಚೆಲ್ಲಿದವು. ಉಳಿದ ಒಂದೇ ಒಂದು ಹೆಣ್ಣನ್ನು ಮಡಿಲಲ್ಲಿಟ್ಟುಕೊಂಡು, "ಹೊರಗಿನ ಜೋಡಿ ತಂದು ಹಾಕಬೇಕಿತ್ತು ಗಿರ್ಜಿ. ನಾನೇ ಕೊಂದೆ" ಅಂತ ಅತ್ತೆ.

ಆ ಚಳಿಗಾಲ ಕಳೆದು ಬಂದ ಬೇಸಿಗೆಯಲ್ಲಿ ಅವ್ವ ತಟ್ಟೆ ತುಂಬ ಖಣ, ಸಕ್ಕರೆ, ಹೂವು ತಂದು ನಡುಮನೆಯಲ್ಲಿ ಇಟ್ಟಳು. ನಾನು ತೊಟ್ಟಿಲಲ್ಲಿದ್ದಾಗಲೇ "ಇವಳು ನನ್ನ ತಮ್ಮನಿಗೆ" ಅಂದವಳು ಅವಳು. ಯಾರಿಗೂ ಅದು ಕೇಳುವ ವಿಷಯವೇ ಆಗಿರಲಿಲ್ಲ. ನೀನು ತಲೆ ತಗ್ಗಿಸಿಕೊಂಡು ಹೇಳಿದೆ: "ಬ್ಯಾಡಕ್ಕ. ಒಂದೇ ರಕ್ತ. ಮಕ್ಕಳು ಬಾಳಂಗಿಲ್ಲ. ನನ್ನ ಬಿಳಿ ಹಕ್ಕಿ ಏನಾದ್ವು, ನೋಡಿದೀಯಲ್ಲ." ಅವ್ವ ಎದ್ದು ನಿಂತಳು. "ನನ್ನ ಮಗಳನ್ನ ಹಕ್ಕಿಗೆ ಹೋಲಿಸ್ತೀಯೇನೋ? ಸೋದರಮಾವನೇ ಬ್ಯಾಡ ಅಂದ ಹುಡುಗೀನ ಇನ್ಯಾರು ಮಾಡ್ಕೊಳ್ತಾರೋ?" ಸಂಜೆಯೊಳಗೆ ನನ್ನ ಟ್ರಂಕಿನ ಸಮೇತ ಹರಿಹರಕ್ಕೆ ಎಳೆದುಕೊಂಡು ಬಂದಳು. ಬಾಗಿಲ ಸಂದಿಯಲ್ಲಿದ್ದ ನನ್ನ ಕಡೆ ನೀನು ಒಮ್ಮೆಯಾದರೂ ನೋಡಬಾರದಿತ್ತಾ? ಈಗ ಹೇಳಲು ಏನು ನಾಚಿಕೆ, ನನಗೆ ನೀನಂದರೆ ಇಷ್ಟವಿತ್ತು. ನಿನಗೂ ಹಾಗೇನಾದರೂ… ಹೋಗಲಿ ಬಿಡು. ನನ್ನ ಯಜಮಾನರು ಬಂಗಾರದಂಥ ಮನುಷ್ಯ. ಆದರೆ ಎಷ್ಟೋ ವರ್ಷ ನನ್ನಲ್ಲೇ ಏನೋ ಕೊರತೆ ಇತ್ತು ಅಂತ ಅಂದುಕೊಂಡಿದ್ದೆನಲ್ಲ ಮಾವ, ಆ ಸಂಕಟಕ್ಕೆ ಯಾರನ್ನು ಕೇಳಲಿ?

ಪ್ರತಿ ನಾಗರ ಪಂಚಮಿಗೆ ನೀನು ಬರುತ್ತಿದ್ದೆ. ತಮ್ಮ ಬಂದು ಕರೆದರೆ ಅಕ್ಕ ತವರಿಗೆ ಹೋಗಬೇಕು, ಅದು ನಮ್ಮ ಪದ್ಧತಿ. ನೀನು ಉಂಡಿಯ ಡಬ್ಬಿ ಹಿಡಿದು ಹೊರಗಿನ ಕಟ್ಟೆಯ ಮೇಲೆ ಕೂರುತ್ತಿದ್ದೆ. "ಅಕ್ಕ, ಬಾರವ್ವ" ಅಂತ ಒಳಗೆ ಕೂಗುತ್ತಿದ್ದೆ. ಅವ್ವ ಅಡುಗೆಮನೆಯಲ್ಲಿ ಬೇಕಂತಲೇ ಪಾತ್ರೆ ಸದ್ದು ಮಾಡುತ್ತಿದ್ದಳು. ನೀನು ಡಬ್ಬಿ ಅಲ್ಲೇ ಇಟ್ಟು ಹೋಗುತ್ತಿದ್ದೆ. ಉಂಡಿ ನಾವು ತಿನ್ನುತ್ತಿದ್ದೆವು, ಅವ್ವ ಮುಟ್ಟುತ್ತಿರಲಿಲ್ಲ. ನೀನಾದರೂ ಒಮ್ಮೆ ಒಳಗೆ ನುಗ್ಗಿ ಕೈ ಹಿಡಿದು ಎಳೆಯಬಾರದಿತ್ತಾ? ಅಕ್ಕ ತಮ್ಮ ಇಬ್ಬರದೂ ಒಂದೇ ಹಟ.

ಈಗ ನಾನೇ ಹರಿಹರದಲ್ಲಿ ಪಿಯು ಮಕ್ಕಳಿಗೆ ಅದೇ ವಿಕಾಸವಾದದ ಪಾಠ ಮಾಡುತ್ತೇನೆ. ಮಠದ ತೋಟದಲ್ಲಿ ಬಟಾಣಿ ಬೆಳೆದ ಒಬ್ಬ ಪಾದ್ರಿ ಇದ್ದರಲ್ಲ, ನಾವು 'ಬಟಾಣಿ ಸ್ವಾಮಿಗಳು' ಅಂತ ಕರೆಯುತ್ತಿದ್ದವರು? ಹಳದಿ ಬಟಾಣಿಗೆ ಹಸಿರು ಬಟಾಣಿ ಕೂಡಿಸಿದರೆ ಮಕ್ಕಳೆಲ್ಲ ಹಳದಿ. ಹಸಿರು ಹೋಯಿತು ಅಂದುಕೊಂಡರೆ ಮೊಮ್ಮಕ್ಕಳಲ್ಲಿ ಮತ್ತೆ ಹಸಿರು. ಅಪ್ಪನಿಂದ ಒಂದು ಪಾಲು, ಅವ್ವನಿಂದ ಒಂದು ಪಾಲು. ಒಂದು ಕೆಟ್ಟದ್ದಿದ್ದರೂ ಎಷ್ಟೋ ಸಲ ಇನ್ನೊಂದು ನಿಭಾಯಿಸಿಕೊಂಡು ಹೋಗುತ್ತದೆ. ಒಂದೇ ಮನೆತನದಿಂದ ಎರಡೂ ಪಾಲು ಬಂದರೆ ಕೆಟ್ಟದ್ದಕ್ಕೆ ಕೆಟ್ಟದ್ದು ಸಿಗುವ ಸಂಭವ ಹೆಚ್ಚು. ಸಂಭವ ಮಾತ್ರ ಮಾವ! "ಬಾಳಂಗಿಲ್ಲ" ಅಂತ ಕಡ್ಡಿ ಮುರಿದಂತೆ ಅಂದೆಯಲ್ಲ, ಅದು ತಪ್ಪು. ರಕ್ತದ ಮಾತೂ ಅಲ್ಲ ಅದು. ಎಷ್ಟೋ ಮನೆಗಳಲ್ಲಿ ಮಕ್ಕಳು ಚೆನ್ನಾಗಿಯೇ ಇದ್ದಾರೆ. ಆದರೂ ನಿನ್ನ ಹೆದರಿಕೆ ಸುಳ್ಳಲ್ಲ. ನಮ್ಮ ಗಡ್ಡದಜ್ಜ ಮದುವೆಯಾದದ್ದು ಯಾರನ್ನು ಗೊತ್ತಾ? ಸೋದರಮಾವನ ಮಗಳನ್ನು! ಎಳೆ ಮಕ್ಕಳನ್ನು ಕಳಕೊಂಡು, ಈ ಸಂಬಂಧವೇ ಕಾರಣವೋ ಏನೋ ಅಂತ ಕೊರಗಿದ. ಸ್ವಾಮಿಗಳ ಲೆಕ್ಕ ಅವನಿಗೆ ತಿಳಿಯಲೇ ಇಲ್ಲ. ಆ ಲೆಕ್ಕಕ್ಕೆ ಲೋಕ ತಲೆದೂಗುವ ಹೊತ್ತಿಗೆ ಸ್ವಾಮಿಗಳೂ ಇರಲಿಲ್ಲ. ಇದನ್ನು ಹೇಳುವಾಗ ಪ್ರತಿ ವರ್ಷ ನಾನು ಮಕ್ಕಳಿಗೆ ಬೆನ್ನು ಮಾಡಿ, ಬೋರ್ಡಿನ ಮೇಲೆ ಬರೆದದ್ದನ್ನೇ ಮತ್ತೆ ಬರೆಯುತ್ತೇನೆ.

ಮೊನ್ನೆ ನಿನ್ನ ವರ್ಷದ ಕಾರ್ಯಕ್ಕೆ ಎಲ್ಲರೂ ಆನೆಕೊಂಡದಲ್ಲಿ ಸೇರಿದ್ದೆವು. ಊಟವಾದ ಮೇಲೆ ಹಿರಿಯರೊಬ್ಬರು ನನ್ನ ಅಣ್ಣನ ಮಗಳು ಮೇಘಳನ್ನೂ ನಿನ್ನ ಮಗ ಕೊಟ್ರೇಶನನ್ನೂ ನೋಡಿ, "ಈ ಎರಡು ಜೀವ ಕೂಡಿಸಿಬಿಡ್ರಿ, ಮುರಿದ ಮನಿ ಒಂದಾಗ್ಲಿ" ಅಂದರು. ಕಡರನಾಯಕನಹಳ್ಳಿಯಿಂದ ಬಂದು ನಿನ್ನ ಸಂಸಾರ ಮಾಡಿದ ಅತ್ತೆ ಕಣ್ಣೊರೆಸಿಕೊಂಡಳು. ಎಲ್ಲರೂ ಅವ್ವನ ಬಾಯಿ ನೋಡಿದರು.

ಅವ್ವ ಅಂದಳು: "ಬ್ಯಾಡ್ರಿ. ಅವತ್ತು ನನ್ನ ತಮ್ಮ ಹೇಳಿದ್ದು ಸರಿ ಐತೆ. ನನ್ನ ಮಗಳ ಮ್ಯಾಲಿನ ಕಾಳಜಿಗೇ ಹೇಳಿದ್ದ. ನಾನು ಮಾನಕ್ಕೆ ತಗಂಡೆ. ಸಂಬಂಧ ಉಳೀಬೇಕಂದ್ರೆ ಮದುವೀನೇ ಯಾಕ ಆಗಬೇಕು? ಈ ಪಂಚಮಿಗೆ ಕೊಟ್ರೇಶ ಬಂದು ನನ್ನ ಕರೀಲಿ, ಬರ್ತೀನಿ." ಆಮೇಲೆ ನಿನ್ನ ಫೋಟೋ ಕಡೆ ತಿರುಗಿ, "ತಪ್ಪಾತೋ ತಮ್ಮ" ಅಂತ ಜೋರಾಗಿ ಅತ್ತಳು. ಎಲ್ಲರೂ ಕೇಳಿದೆವು ಮಾವ. ನೀನೊಬ್ಬ ಕೇಳಲಿಲ್ಲ.

ಇನ್ನೊಂದು ಸುದ್ದಿ ಇದೆ. ಸಂಜೆ ಅವ್ವ ಗೋಡೆ ಹಿಡಿದು ಹಿಡಿದು ಮಾಳಿಗೆ ಹತ್ತಿದಳು. ಉಳಿದ ಆ ಬಿಳಿ ಹೆಣ್ಣಿಗೆ ನೀನು ಆಮೇಲೆ ಹೊರಗಿನ ಗಂಡು ತಂದು ಹಾಕಿದ್ದೆಯಂತೆ. ಬಣ್ಣದ ಮರಿಗಳೇ ಹುಟ್ಟಿದ್ದು ನೋಡಿ, "ಬಿಳಿ ಮುಗೀತಲೇ" ಅನ್ನುತ್ತಿದ್ದೆಯಂತೆ. ಕೊಟ್ರೇಶ ಗೂಡಿನ ಬಾಗಿಲು ತೆರೆದು ತೋರಿಸಿದ. ಎರಡು ಬೂದು ಹಕ್ಕಿಗಳ ನಡುವೆ ಒಂದು ಮರಿ, ಆಗತಾನೇ ಪುಕ್ಕ ತುಂಬುತ್ತಿದೆ. ಅಚ್ಚ ಬಿಳಿ! ಎಷ್ಟೋ ತಲೆಮಾರು ಒಳಗೊಳಗೇ ದಾಟಿಕೊಂಡು ಬಂದಿದೆ. ಮೈಕಟ್ಟು ಗಟ್ಟಿ ಇದೆ, ನನ್ನ ಬೆರಳನ್ನೇ ಕುಕ್ಕಿತು.

ಅವ್ವ ಜೋಳ ಚೆಲ್ಲಿ, ಹಾರುವ ಹಕ್ಕಿಗಳು ಒಂದೊಂದೇ ಇಳಿಯುವುದನ್ನು ನೋಡುತ್ತ ಕೂತಳು. ಕತ್ತಲಾಗುತ್ತೆ, ಬಸ್ಸು ತಪ್ಪುತ್ತೆ ಅಂತ ಕೆಳಗಿನಿಂದ ನಾನು ಕೂಗಿದರೆ, "ತಡಿಯೇ, ಇನ್ನೊಂದು ಇಳೀಲಿ" ಅಂದಳು.

ಈ ಪಂಚಮಿಗೆ ಉಂಡಿ ನಮ್ಮ ಮನೆಯಿಂದ ನಿಮ್ಮ ಮನೆಗೆ ಬರುತ್ತದೆ. ಶೇಂಗಾ ಹುರಿದು ಸಿಪ್ಪೆ ತೆಗೆಯುತ್ತ ಅವ್ವ ಇಲ್ಲೇ ಪಕ್ಕದಲ್ಲಿ ಕೂತಿದ್ದಾಳೆ.

ನಿನ್ನ ಗಿರ್ಜಿ